ನಲವತ್ತನೆಯ ಇಸವಿಯಲ್ಲಿ ಉಳಿದ ಅಣ್ಣ

ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ಇತಿಹಾಸ ಎಂದರೆ ನನಗೆ ಗೊತ್ತಿರುವುದು ಒಂದೇ ಒಂದು ವರ್ಷ, ಅದೂ ನಮ್ಮ ದೇಶದ್ದಲ್ಲ. ಇಂಗ್ಲೆಂಡಿನ ಸಾವಿರದ ಒಂಬೈನೂರ ನಲವತ್ತನೆಯ ಇಸವಿ. ಆ ವರ್ಷ ಜನವರಿಯಲ್ಲಿ ಬೆಣ್ಣೆಗೂ ಸಕ್ಕರೆಗೂ ರೇಷನ್ ಬಂತು. ಬೇಸಿಗೆ ಹತ್ತಿರವಾಗುವಾಗ ಸೋತ ಸೈನಿಕರು ಮೀನುಗಾರರ ದೋಣಿಗಳಲ್ಲೂ ಕೂತು ಸಮುದ್ರ ದಾಟಿ ಮನೆಗೆ ಬಂದರು. ಆಮೇಲೆ ವೈರಿಗೆ ಊರು ತಿಳಿಯಬಾರದೆಂದು ರೈಲ್ವೆ ಸ್ಟೇಷನ್ನುಗಳ ಹೆಸರಿನ ಹಲಗೆ ಕಿತ್ತರು. ಇಗರ್ಜಿಗಳ ಗಂಟೆ ನಿಲ್ಲಿಸಿದರು. ಸೆಪ್ಟೆಂಬರಿನಿಂದ ಲಂಡನ್ನಿನ ಮೇಲೆ ಬಾಂಬು ಬೀಳಲು ಶುರುವಾಯಿತು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಕೆನಡಾದ ಒಶಾವಾದಲ್ಲಿರುವ ನಮ್ಮ ಮನೆಯ ಗರಾಜಿನ ಬಾಗಿಲಲ್ಲಿ, ಚಹಾದ ಟ್ರೇ ಹಿಡಿದು ನಿಂತು ಕಲಿತೆ.

ಆ ವರ್ಷ ನಿಜವಾಗಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನದು. ಆಗ ಅವನು ಲಂಡನ್ನಿನಲ್ಲಿ ಶಾಲೆಗೆ ಹೋಗುವ ಹುಡುಗ. ನನ್ನ ಅಣ್ಣ ಇಲ್ಲಿಯ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು. ಅವನು ನಿವೃತ್ತನಾಗಿ, ಅತ್ತಿಗೆಯೂ ತೀರಿಕೊಂಡ ಮೇಲೆ, ಇಬ್ಬರು ಮುದುಕರಿಗೂ ಹೊತ್ತು ಹೋಗಬೇಕಲ್ಲ. ಬೇಸಿಗೆಯ ಮಧ್ಯಾಹ್ನ ಗರಾಜಿನ ಬಾಗಿಲು ಎತ್ತಿ, ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಜ್ಜ ಹೇಳುವವನು, ಅಣ್ಣ ಕೇಳುವವನು. ಅಷ್ಟು ಉದ್ದದ ಬದುಕಿನಲ್ಲಿ ಅಜ್ಜನಿಗೆ ಹೇಳಲಿಕ್ಕೆ ಇದ್ದದ್ದು ಆ ಒಂದು ವರ್ಷ. ಕಿಟಕಿಗೆ ಅವರಮ್ಮ ಕರಿ ಬಟ್ಟೆ ಹೊಲಿದದ್ದು, ಸೈರನ್ ಆದಾಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತೂರಿಕೊಂಡದ್ದು, ಬೆಳಿಗ್ಗೆ ಎದ್ದರೆ ಎದುರು ಸಾಲಿನಲ್ಲಿ ಒಂದು ಮನೆ ಕಡಿಮೆ ಇದ್ದದ್ದು. ನಾನು ಚಹಾ ತಂದಾಗ ಅಣ್ಣ ಆ ದಿನದ ಕಥೆಯನ್ನು ನನಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದ.

"ಇಡೀ ದೇಶದಾಗ ಯಾರೂ ಗಂಟಿ ಬಾರಿಸಬಾರದು ಅಂತ ಹುಕುಮ್ ಆಗಿತ್ತಂತ ಬೇ. ಗಂಟಿ ಆತು ಅಂದ್ರ ವೈರಿ ಬಂದು ಇಳದಾನ ಅಂತ ತಿಳಕೋಬೇಕು."

"ಮತ್ತ ದೇವರ ಪೂಜಾ?"

"ದೇವರಿಗೂ ರಜಾ!"

ಅದನ್ನು ಅವನು ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜ ಚಹಾ ತುಳುಕುವಂತೆ ನಕ್ಕ.

ನಾನು ಈ ಮನೆಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಮದುವೆಯಾಗಿ ಕೆನಡಾಕ್ಕೆ ಬಂದದ್ದೂ ಅಣ್ಣನೇ ನೋಡಿದ ಸಂಬಂಧದಿಂದ. ಮಕ್ಕಳಿರಲಿಲ್ಲ. ಸಾಬೂನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿ ಮಾಡಿ ಮೊಣಕಾಲು ಸವೆದಿತ್ತು. "ಬಾಡಿಗಿ ಮನ್ಯಾಗ ಒಬ್ಬಾಕಿ ಕುಂತು ಏನ್ ಮಾಡ್ತಿ? ಬಾ ಇಲ್ಲಿ" ಎಂದು ಅಣ್ಣ ತಾನೇ ಬಂದು ನನ್ನ ಪೆಟ್ಟಿಗೆ ಎತ್ತಿ ಕಾರಿನಲ್ಲಿಟ್ಟ. ಅವನಿಗಿಂತ ಹತ್ತು ವರ್ಷಕ್ಕೆ ನಾನು ಚಿಕ್ಕವಳು. ಅವನ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು, ವುಡ್‌ಬ್ರಿಡ್ಜಿನಲ್ಲಿ ಗಂಡ ಮಕ್ಕಳೊಂದಿಗೆ ಇದ್ದಾಳೆ. ಭಾನುವಾರ ಬಂದು ಹೋಗುತ್ತಾಳೆ.

ಪಕ್ಕದ ಅಜ್ಜ ಒಂದು ವಸಂತದಲ್ಲಿ ತೀರಿಕೊಂಡ. ಅವನ ಮಕ್ಕಳು ಮನೆ ಮಾರಿದರು. ಅಜ್ಜ ಬಿಟ್ಟುಹೋದ ವರ್ಷವನ್ನು ಮಾತ್ರ ಯಾರೂ ಒಯ್ಯಲಿಲ್ಲ. ಅದು ಬೇಲಿ ದಾಟಿ ನಮ್ಮ ಮನೆಗೆ ಬಂತು ಎಂದೇ ನನಗೆ ಅನ್ನಿಸುತ್ತದೆ.

ಮೊದಲು ಬಂದದ್ದು ಕತ್ತಲೆಯಾಗಿ. ನಾನು ಸಂಜೆ ದೇವರ ಮುಂದೆ ದೀಪ ಹಚ್ಚಿ, ಮುಂಬಾಗಿಲ ದೀಪ ಹಾಕಿ, ಬಾಗಿಲನ್ನು ಒಂದು ಗಳಿಗೆ ತೆರೆದಿಡುವವಳು. ಎಷ್ಟು ಥಂಡಿ ಇದ್ದರೂ ಅದನ್ನು ಬಿಟ್ಟವಳಲ್ಲ. ಅಣ್ಣ ಹಿಂದಿನಿಂದ ಬಂದು ದೀಪ ಆರಿಸತೊಡಗಿದ. ಪರದೆ ಎಳೆದು, ಅದರ ಅಂಚಿನಲ್ಲಿ ಬೆಳಕು ಸೋರುತ್ತದೋ ಎಂದು ಬೆರಳಿನಿಂದ ತಡವಿ ನೋಡುತ್ತಿದ್ದ. ಆಮೇಲೆ ಒಂದು ದಿನ ಸ್ಕ್ರೂಡ್ರೈವರ್ ಹಿಡಿದು ಮನೆಯ ನಂಬರಿನ ಹಿತ್ತಾಳೆ ಅಂಕಿಗಳನ್ನು ಬಿಚ್ಚಿದ.

"ಇದ್ಯಾಕಣ್ಣಾ?"

"ನಂಬರ್ ಇದ್ರ ಅವರಿಗೆ ಹಾದಿ ಸಿಗತದ."

ಮೊದಮೊದಲು ನಾನು ನಗುತ್ತಿದ್ದೆ. ಮೆಮೊರಿ ಕ್ಲಿನಿಕ್ಕಿನ ಡಾಕ್ಟರು ಮರೆವಿನ ರೋಗದ ಹೆಸರು ಹೇಳಿದ ಮೇಲೆ ನಗುವುದನ್ನು ಬಿಟ್ಟೆ. ಅಣ್ಣನ ತಲೆಯಲ್ಲಿ ಅವನ ಸ್ವಂತ ವರ್ಷಗಳು ಒಂದೊಂದಾಗಿ ಆರುತ್ತಿದ್ದವು. ಕಾರ್ಖಾನೆ ಹೋಯಿತು, ಮದುವೆ ಹೋಯಿತು. ಉಳಿದದ್ದು ನಮ್ಮ ಊರಿನ ಬಾಲ್ಯ ಮತ್ತು ಅವನು ಎಂದೂ ಬದುಕದ ಆ ಇಸವಿ. ಎರಡೂ ಕಲಸಿ ಒಂದಾಗಿದ್ದವು. ಲಂಡನ್ನಿನ ಹೊಳೆ ನಮ್ಮ ಮಲಪ್ರಭೆಯಾಗಿ ಹರಿಯುತ್ತಿತ್ತು. ಬೆಂಕಿ ಬಿದ್ದ ಗೋದಾಮುಗಳ ಪಕ್ಕದಲ್ಲೇ ನಮ್ಮ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಅವನು ಮರೆಯಲಿಲ್ಲ. ಆದರೆ ನಾನು ಒಮ್ಮೊಮ್ಮೆ ಬಿಳಿ ಕೂದಲಿನ ತಂಗಿ, ಒಮ್ಮೊಮ್ಮೆ ಎರಡು ಜಡೆಯ ತಂಗಿ.

ಆ ಚಳಿಗಾಲದಲ್ಲಿ ಅವನು ಎರಡು ಸಲ ಮನೆ ಬಿಟ್ಟು ಹೊರಟ. ಎರಡನೆಯ ಸಲ ಚಪ್ಪಲಿಯಲ್ಲೇ ಹಿಮದೊಳಗೆ ಬಹಳ ದೂರ ಹೋಗಿದ್ದ. ಬಸ್ಸಿನ ಡ್ರೈವರ್ ಒಬ್ಬಳು ನೋಡಿ ಪೊಲೀಸರನ್ನು ಕರೆದಳು. ಬಾಂಬಿನ ರಾತ್ರಿಗಳಲ್ಲಿ ಲಂಡನ್ನಿನವರು ಅಡಗುತ್ತಿದ್ದಂಥ ನೆಲದ ಕೆಳಗಿನ ರೈಲು ಸ್ಟೇಷನ್ ಹುಡುಕುತ್ತಿದ್ದನಂತೆ, ತಂಗಿಯನ್ನು ಅಲ್ಲಿ ಅಡಗಿಸಲಿಕ್ಕೆ.

ಅಣ್ಣನ ಮಗಳು ಅತ್ತಳು. "ಅತ್ತೆ, ಐ ಕಾಂಟ್. ಮತ್ತೊಮ್ಮೆ ಹೊರಗೆ ಹೋದ್ರೆ ಅಪ್ಪ ಸತ್ತೇ ಹೋಗ್ತಾರೆ. ಕೇರ್ ಹೋಮಿಗೆ ಹಾಕೋಣ. ಇಲ್ಲಾಂದ್ರೆ ದಿನಾ ಯಾರನ್ನಾದ್ರೂ ಕರೆಸ್ತೀನಿ, ಯು ನೀಡ್ ಹೆಲ್ಪ್."

"ಮನ್ಯಾಗ ನಾ ಇರೋವಾಗ ಹೊರಗಿನವರು ಯಾಕವಾ?" ಎಂದೆ. "ಅವನ್ನ ನಾ ನೋಡಕೋತೀನಿ."

ಅದನ್ನು ಪ್ರೀತಿಯಿಂದಲೇ ಹೇಳಿದೆ. ಆದರೆ ಸೊಕ್ಕೂ ಇತ್ತು. ನಮ್ಮ ಕನ್ನಡದವರು ಸೇರಿದಲ್ಲೆಲ್ಲ ನಿವೃತ್ತ ಡಾಕ್ಟರುಗಳು, ಪ್ರೊಫೆಸರುಗಳು ನನಗೆ ಕೈ ಮುಗಿದು, "ಇಂಥಾ ತಂಗಿ ಯಾರಿಗಿದ್ದಾಳೆ!" ಎನ್ನುತ್ತಿದ್ದರು. ಐದನೆಯ ಇಯತ್ತೆಯವಳಿಗೆ ಅಂಥವರ ಬಾಯಿಂದ ಬಂದ ಮಾತು. ನನಗೆ ಅದು ಬೇಕಾಗಿತ್ತು.

ಡಾಕ್ಟರು ಹೇಳಿದ್ದು ಇಷ್ಟು: ಅವರ ಜೊತೆ ವಾದ ಮಾಡಬೇಡಿ, ಅವರು ಎಲ್ಲಿದ್ದಾರೋ ಅಲ್ಲಿಗೆ ನೀವೇ ಹೋಗಿ. ಅವನು ಅಂಜದೆ ಇದ್ದರೆ ಸಾಕು, ಮನೆಯೊಳಗೆ ಇದ್ದರೆ ಸಾಕು. ನಾನು ಮಾಡಬೇಕಾದ ಕೆಲಸ ಈ ಎರಡೇ ಆಗಿತ್ತು.

ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ದೇವರ ಜಗಲಿಯ ಮುಂದೆ ಪೂಜೆ ಮಾಡುತ್ತಿದ್ದೆ. ಆರತಿ ಎತ್ತಿ ಗಂಟೆ ಬಾರಿಸಿದೆ. ದಿನವೂ ಬಾರಿಸುವ ಗಂಟೆಯೇ, ಹಿಡಿಕೆಯ ಮೇಲೆ ಬಸವಣ್ಣ ಇರುವ ಚಿಕ್ಕ ಗಂಟೆ. ಅಣ್ಣ ಅಷ್ಟು ಹೊತ್ತಿಗೆ ಏಳುತ್ತಿರಲಿಲ್ಲ. ಅಂದು ಎದ್ದಿದ್ದ. ಬರಿಗಾಲಿನಲ್ಲಿ ಓಡಿ ಬಂದು ನನ್ನ ಮುಂಗೈ ಹಿಡಿದ. ಅವನ ಕೈ ತಣ್ಣಗಿತ್ತು.

"ಗಂಟಿ ಆತಲ್ಲ ಬೇ! ಬಂದಾರನು?"

ಗರಾಜಿನಲ್ಲಿ ಕೇಳಿದ ಮಾತು ನನಗೆ ತಟ್ಟನೆ ನೆನಪಾಯಿತು. ಇಲ್ಲ ಎನ್ನಬಹುದಿತ್ತು. ಡಾಕ್ಟರು ವಾದ ಮಾಡಬೇಡಿ ಎಂದಿದ್ದರು, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಸುಮ್ಮನೆ "ಹೂಂ" ಎಂದೆ. ಅವನು ನನ್ನನ್ನು ಎಳೆದುಕೊಂಡು ಬೇಸ್‌ಮೆಂಟಿಗೆ ಇಳಿದ. ಮೆಟ್ಟಿಲ ಕೆಳಗೆ ಅಕ್ಕಿಯ ಚೀಲ, ಹಳೆಯ ಸೂಟ್‌ಕೇಸುಗಳನ್ನು ಇಡುವ ಜಾಗವಿದೆ. ಅಲ್ಲಿ ನನ್ನನ್ನು ಗೋಡೆಯ ಬದಿಗೆ ಕೂರಿಸಿ, ಹೊರಬದಿಗೆ ತಾನು ಕೂತ. ಕೂತ ಮೇಲೆ ಅಲುಗಾಡಲಿಲ್ಲ. ಮೇಲೆ ಕ್ಷಣ ಹೊತ್ತು ಒಂದೆಡೆ ನಿಲ್ಲದ ಮನುಷ್ಯ, ಬಾಗಿಲು ಕಿಟಕಿ ತಡವುತ್ತ ತಿರುಗುವ ಮನುಷ್ಯ, ಅಲ್ಲಿ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೂತಿದ್ದ. ನಾನು "ಹೋದ್ರಣ್ಣಾ, ಏಳು" ಎನ್ನುವ ತನಕ ಏಳಲಿಲ್ಲ.

ಅಂದಿನಿಂದ ಗಂಟೆಗೆ ಬಟ್ಟೆ ಸುತ್ತಿಟ್ಟೆ. ಆ ಬಟ್ಟೆ ಉಳಿದದ್ದು ಮೊದಲ ವಾರ ಮಾತ್ರ.

ಜೆರಾರ್ಡ್ ಇಂಡಿಯಾ ಬಜಾರಿನ ಒಂದು ಚಿಕ್ಕ ಹೋಟೆಲಿನ ಅಡುಗೆಮನೆಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಹುಬ್ಬಳ್ಳಿಯವಳು. ಹಿಂದೆ ಸಾಬೂನಿನ ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದವಳು. ಗುರುವಾರ ಮಧ್ಯಾಹ್ನ ಅವಳಿಗೆ ಬಿಡುವು. ನಾನು ಪಟ್ಟಣಕ್ಕೆ ಹೋಗುವ ಗೋ ಟ್ರೇನ್ ಹಿಡಿದು ಹೋಗಿ ಅವಳೊಡನೆ ಒಂದು ತಾಸು ಕೂತು, ಮಿರ್ಚಿ ತಿಂದು, ಹೊಟ್ಟೆಯೊಳಗಿನ ಮಾತೆಲ್ಲ ಚೆಲ್ಲಿ ಬರುತ್ತಿದ್ದೆ. ಅಣ್ಣನ ಕಾಯಿಲೆಯಿಂದ ಅದು ನಿಂತುಹೋಗಿತ್ತು. ಒಂದು ಗುರುವಾರ ಅವಳ ಫೋನು ಬಂತು.

"ನಿಮ್ಮಣ್ಣ ಲಂಡನ್ನಿನಾಗ ಇದ್ರ ಇರವಲ್ಲನ್ಯಾಕ, ನೀ ಜೆರಾರ್ಡಿಗೆ ಬಾರಬೇ! ಅರೆ, ಏಕ್ ಘಂಟಾ! ಮಿರ್ಚಿ ಆರ್ತಾವ, ಜಲ್ದಿ ಆ!"

ಫೋನು ಇಟ್ಟು ನಾನು ಹಾಲಿನಲ್ಲಿ ನಿಂತೆ. ಅಣ್ಣ ಪರದೆಯ ಅಂಚು ತಡವುತ್ತಿದ್ದ. ಹೊರಗೆ ಬಿಸಿಲಿತ್ತು, ಹಿಮ ಹೊಳೆಯುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಬಟ್ಟೆ ಬಿಚ್ಚಿ ಗಂಟೆ ಬಾರಿಸಿದೆ. ದೇವರ ಕಡೆ ಮುಖ ಮಾಡಲಿಲ್ಲ. ಬೆನ್ನು ಮಾಡಿಯೇ ಬಾರಿಸಿದೆ.

ಅವನನ್ನು ಕೆಳಗೆ ಕೂರಿಸಿ, ಥರ್ಮಾಸಿನಲ್ಲಿ ಚಹಾ, ತಟ್ಟೆಯಲ್ಲಿ ಬಿಸ್ಕತ್ತು ಇಟ್ಟೆ. "ನಾ ಬಂದು ಹೇಳೋ ತನಕ ಏಳಬ್ಯಾಡ ಹಾಂ" ಎಂದೆ. ಮೇಲೆ ಬಂದು ಬೇಸ್‌ಮೆಂಟಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಟ್ರೇನು ಹತ್ತಿದೆ. ಒಂದೊಂದು ಸ್ಟೇಷನ್ನಿನ ಹೆಸರು ಕಿಟಕಿಯಲ್ಲಿ ಕಂಡಾಗಲೂ ಇಳಿದು ಹಿಂದಿರುಗಬೇಕು ಅನ್ನಿಸಿತು. ಇಳಿಯಲಿಲ್ಲ. ಗೆಳತಿಯೊಡನೆ ಕೂತು ನಕ್ಕೆ. ಬಹಳ ದಿನಗಳ ಮೇಲೆ ಅಷ್ಟು ನಕ್ಕದ್ದು.

ಮರಳಿ ಬಂದು ಚಿಲಕ ತೆಗೆದೆ. ಅವನು ಬಿಟ್ಟುಹೋದ ಹಾಗೆಯೇ ಕೂತಿದ್ದ. ದೀಪವನ್ನು ತಾನೇ ಆರಿಸಿದ್ದ.

"ಹೋದ್ರನು?"

"ಹೋದ್ರಣ್ಣಾ."

"ನೀ ಎಲ್ಲಿದ್ದಿ? ನಿನಗೇನರ ಆತೋ ಏನೋ ಅಂತ ಜೀವ ಹೋಗಿತ್ತು ನಂದು."

ಆಮೇಲೆ ಪ್ರತಿ ಗುರುವಾರ ಯುದ್ಧ ಬಂತು. ಮತ್ತೆ ಬೇರೆ ದಿನಗಳೂ ಬಂದವು. ನನಗೆ ಬೆನ್ನು ನೋವಾದರೆ ಬಾರಿಸಿದೆ. ಮನೆ ಒರೆಸುವಾಗ ಕಾಲಿಗೆ ತೊಡರುತ್ತಾನೆಂದು ಬಾರಿಸಿದೆ. ಒಮ್ಮೆ ಟಿವಿ ನೋಡಲಿಕ್ಕೂ ಬಾರಿಸಿದೆ. ಪ್ರತಿ ಸಲವೂ ಅವನಿಗೆ ಅದು ಮೊದಲ ಸಲವೇ. ಅದೇ ಓಟ, ನನ್ನ ಮುಂಗೈ ಹಿಡಿಯುವ ಅದೇ ತಣ್ಣನೆಯ ಕೈ. ರೋಗ ಅವನಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು. ಅಂಜಿಕೆಯನ್ನು ಮಾತ್ರ ನಾನು ಹಚ್ಚಹಸಿರಾಗಿ ಇಟ್ಟೆ. ವಸಂತ ಬಂದು, ಬೇಸಿಗೆ ಬಂದು, ಅವನು ಆ ಇಸವಿಯನ್ನು ತಾನಾಗಿ ಮರೆಯಬಹುದಾದ ದಿನಗಳಿದ್ದವು. ಹಿತ್ತಲಲ್ಲಿ ಕೂತು ಅಳಿಲು ನೋಡುತ್ತ, ಪರದೆಯ ಚಿಂತೆಯಿಲ್ಲದೆ ಸಂಜೆ ಮಾಡಿದ ದಿನಗಳು. ಗುರುವಾರ ಬಂದರೆ ನಾನೇ ಅವನನ್ನು ಹಿಡಿದು ಹಿಂದಕ್ಕೆ ಒಯ್ದು ಬಿಡುತ್ತಿದ್ದೆ.

ಭಾನುವಾರ ಮಗಳು ಬಂದಾಗ, "ಈಗ ಹೊರಗೆ ಹೋಗೋದೇ ಇಲ್ಲ ಅಲ್ವಾ? ಹೌ ಡು ಯು ಡು ಇಟ್, ಅತ್ತೆ?" ಎಂದು ನನ್ನನ್ನು ಅಪ್ಪಿಕೊಳ್ಳುತ್ತಿದ್ದಳು.

"ಏನಿಲ್ಲವಾ, ನನ್ನ ಮಾತು ಕೇಳ್ತಾನ" ಎನ್ನುತ್ತಿದ್ದೆ.

ಅದು ಸುಳ್ಳಲ್ಲ. ಹೊರಗಿನ ಯಾರ ಮಾತನ್ನೂ ಅವನು ನಂಬುತ್ತಿರಲಿಲ್ಲ, ಮಗಳ ಮಾತನ್ನೂ. ವೈರಿಗಳು ಹೋದರು ಎಂದು ಅವಳು ಒಮ್ಮೆ ಹೇಳಿದಾಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದ ಮೇಲೆಯೇ ಉಸಿರು ಬಿಟ್ಟ.

ಮತ್ತೆ ಚಳಿಗಾಲ ಬಂತು. ಆ ಗುರುವಾರ ನಾನು ಹೊರಡುವಾಗ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗೆಳತಿ, "ಇವತ್ತ ಬ್ಯಾಡ ಬಿಡು, ಬರ್ಫ್ ಬೀಳತದ" ಎಂದು ಫೋನಿನಲ್ಲಿ ಹೇಳಿದಳು. ನಾನೇ ಕೇಳಲಿಲ್ಲ. ಬರುವಾಗ ಹಳಿಯ ಮೇಲೆ ಏನೋ ಆಗಿ ಟ್ರೇನು ನಡುದಾರಿಯಲ್ಲಿ ನಿಂತಿತು. ಹೊರಗೆ ಹಿಮ ಬೀಳುತ್ತಲೇ ಇತ್ತು. ಡಬ್ಬಿಯ ಜನ ಫೋನು ನೋಡುತ್ತ ಬೈದುಕೊಳ್ಳುತ್ತ ಕೂತಿದ್ದರು. ಒಂದು ಫೋನು ಮಾಡಿದ್ದರೆ ಮಗಳು ವುಡ್‌ಬ್ರಿಡ್ಜಿನಿಂದ ಹೊರಡುತ್ತಿದ್ದಳು, ಇಲ್ಲವೆ ಬೀದಿಯ ಯಾರಿಗಾದರೂ ಹೇಳುತ್ತಿದ್ದಳು. ಫೋನು ನನ್ನ ಕೈಯಲ್ಲೇ ಇತ್ತು. ಆದರೆ ಏನೆಂದು ಹೇಳಲಿ? ಚಿಲಕ ಹೊರಗಿನಿಂದ ಹಾಕಿದೆ ಎಂದೇ? ಟ್ರೇನು ಈಗ ಹೊರಡುತ್ತದೆ, ಇನ್ನೇನು ಹೊರಡುತ್ತದೆ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿ ಕೂತೆ.

ನಾನು ಮನೆ ಮುಟ್ಟಿದಾಗ ಕತ್ತಲಾಗಿತ್ತು. ಚಿಲಕ ತೆಗೆದು ಬಾಗಿಲು ಎಳೆದರೆ ಅಣ್ಣ ಮೇಲಿನ ಮೆಟ್ಟಿಲ ಮೇಲೆಯೇ ಇದ್ದ, ಬಾಗಿಲಿಗೆ ಒರಗಿ. ಬಾಗಿಲ ಜೊತೆಗೆ ನನ್ನ ಕಾಲ ಮೇಲೆ ವಾಲಿದ. ಬೆರಳ ಗೆಣ್ಣುಗಳು ಸುಲಿದಿದ್ದವು. ಪೈಜಾಮ ಒದ್ದೆಯಾಗಿತ್ತು. ಮೈ ಕಾದ ಹೆಂಚಿನ ಹಾಗಿತ್ತು. ಕೆಳಗೆ ಇಟ್ಟ ಬಿಸ್ಕತ್ತನ್ನು ಮುಟ್ಟಿರಲಿಲ್ಲ, ನನ್ನ ಪಾಲೆಂದು ತಟ್ಟೆಗೆ ಕರವಸ್ತ್ರ ಮುಚ್ಚಿಟ್ಟಿದ್ದ. ಅವನು ಹೊರಗೆ ಹೋಗಲಿಕ್ಕೆಂದು ಬಾಗಿಲು ಬಡಿದದ್ದಲ್ಲ. ನನ್ನನ್ನು ಒಳಗೆ ಕರೆದುಕೊಳ್ಳಲಿಕ್ಕೆ ಬಡಿದದ್ದು. "ನೀ ಹೊರಗ ಉಳದ್ಯಲ್ಲ, ನೀ ಹೊರಗ ಉಳದ್ಯಲ್ಲ" ಎಂದು ಆಂಬುಲೆನ್ಸ್ ಬರುವ ತನಕ ಅದನ್ನೇ ಹೇಳಿದ.

ಬಂದವರಿಗೂ ಮಗಳಿಗೂ ನಾನು ಹೇಳಿದ್ದು ಒಂದೇ. ಬೇಸ್‌ಮೆಂಟಿಗೆ ತಾನೇ ಇಳಿದುಬಿಟ್ಟಿದ್ದ, ನಾನು ಮೇಲೆ ಮಲಗಿದ್ದೆ, ಕೇಳಿಸಲಿಲ್ಲ. ಆಸ್ಪತ್ರೆಯ ನರ್ಸು ಅವನ ಬೆರಳುಗಳಿಗೆ ಮುಲಾಮು ಹಚ್ಚುತ್ತ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಟ್ಟೆ ಸುತ್ತತೊಡಗಿದಳು.

ಎದೆಯಲ್ಲಿ ನ್ಯುಮೋನಿಯಾ ಎಂದರು. ಆ ವಾರ್ಡಿನಲ್ಲಿ ಹಗಲೂ ರಾತ್ರಿಯೂ ಒಂದೇ ಸಮ ಬೆಳಕು. ಅಣ್ಣ ಕಣ್ಣು ತೆರೆದಾಗಲೆಲ್ಲ ಚಾವಣಿಯ ದೀಪಗಳನ್ನು ನೋಡಿ ಬೆದರುತ್ತಿದ್ದ, ಕಿವಿಗೊಟ್ಟು ಏನನ್ನೋ ಆಲಿಸುತ್ತಿದ್ದ. ಮಗಳು ಒಂದು ಬದಿಗೆ, ನಾನು ಒಂದು ಬದಿಗೆ ಕೂತಿದ್ದೆವು. ಅವನ ದನಿ ಸಣ್ಣದಾಗಿತ್ತು. ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳಿಸುತ್ತಿತ್ತು.

ಆ ಮಧ್ಯಾಹ್ನ ನಾನು ಬಾಗಿದೆ. ಈಗ ಹೇಳಬೇಕು ಎಂದುಕೊಂಡೆ. ಇಷ್ಟು ದಿನ ಮತ್ತೆ ಗಂಟೆ ಬಾರಿಸುವ ತನಕ ಮಾತ್ರ ಅವನನ್ನು ಆ ಅಂಜಿಕೆಯಿಂದ ಬಿಡಿಸುತ್ತಿದ್ದವಳು ಈಗ ಪೂರ್ತಿ ಬಿಡಿಸಬೇಕು.

"ಅಣ್ಣಾ, ಎಲ್ಲಾ ಮುಗೀತು. ಇನ್ನ ಎಂದೂ ಬರೂದಿಲ್ಲ ಅವರು. ಯುದ್ಧನ ಮುಗೀತು."

ಅವನು ನನ್ನನ್ನು ನೋಡಿದ. ಕಣ್ಣಲ್ಲಿ ಗುರುತಿರಲಿಲ್ಲ. ಅಪರಿಚಿತರ ಜೊತೆ ಮಾತಾಡುವ ಮರ್ಯಾದೆ ಮಾತ್ರ ಇತ್ತು.

"ಯಾರು ಹೇಳಿದ್ರಿ?"

"ನಾನ ಹೇಳಾಕತ್ತೀನಲ್ಲ."

"ಹಂಗಲ್ರಿ. ನನ್ನ ತಂಗಿ ಅದಾಳ. ಆಕಿ ಬಂದು ಹೇಳಬೇಕು. ಆಕಿ ಹೇಳಿದ್ರ ಖರೆ."

"ನಾನ ಅಣ್ಣಾ ಆಕಿ. ನಿನ್ನ ತಂಗಿ."

ಅವನು ನನ್ನ ಬಿಳಿ ಕೂದಲು ನೋಡಿ, ನನ್ನ ಮನಸ್ಸು ನೋಯಬಾರದು ಅನ್ನುವ ಹಾಗೆ ಸ್ವಲ್ಪ ನಕ್ಕ.

"ಇಲ್ರೀ ಅಮ್ಮಾರ. ಆಕಿ ಸಣ್ಣಾಕಿ."

ಮತ್ತೆ ಚಾವಣಿಯ ಕಡೆ ತಿರುಗಿ ಆಲಿಸತೊಡಗಿದ. ನಾನು ಅದನ್ನೇ ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಅವನು ತಾಳ್ಮೆಯಿಂದ ತಲೆಯಾಡಿಸುತ್ತಿದ್ದ, ನಂಬಲಿಲ್ಲ.

ಮಗಳು ಆಚೆ ಬದಿಯಿಂದ ಕೇಳಿದಳು. "ಅತ್ತೆ, ಅಪ್ಪ ಏನಂತಿದ್ದಾರೆ? ಈಸ್ ಹಿ ಸ್ಕೇರ್ಡ್?"

"ಇಲ್ಲವಾ" ಎಂದೆ. "ಆರಾಮ ಅನಸಾಕತ್ತೇತಂತ."

ಅವಳ ಮುಖ ಸಡಿಲವಾಯಿತು. ಅವನ ಕೈ ತನ್ನ ಕೆನ್ನೆಗೆ ಒತ್ತಿಕೊಂಡಳು. ಆ ವಾರ ಮುಗಿಯುವ ಮೊದಲೇ ಅವನು ಹೋದ, ಆಲಿಸುತ್ತಲೇ.

ಮನೆ ಈಗ ನನ್ನೊಬ್ಬಳದು. ಮಗಳು ಮಾರುವುದಿಲ್ಲ ಎಂದಿದ್ದಾಳೆ. ಸಂಜೆಯಾದರೆ ದೀಪ ಹಚ್ಚಲು ನನ್ನ ಕೈ ಏಳುವುದಿಲ್ಲ, ಪರದೆ ಎಳೆದು ಕೂರುತ್ತೇನೆ. ಮನೆ ಬೆಚ್ಚಗಿಡುವ ಫರ್ನೇಸ್ ಶುರುವಾಗುವಾಗ ಬೇಸ್‌ಮೆಂಟಿನ ಬಾಗಿಲು ಸಣ್ಣಗೆ ಅದುರುತ್ತದೆ. ಅದು ಗಾಳಿಯ ಒತ್ತಡ ಎಂದು ರಿಪೇರಿಗೆ ಬಂದವನು ವಿವರಿಸಿದ. ನನಗೂ ಗೊತ್ತು. ಆದರೂ ಪ್ರತಿ ಸಲ ಎದ್ದು ಹೋಗಿ ಬಾಗಿಲು ತೆರೆದು, ಕೆಳಗಿನ ಕತ್ತಲೆಗೆ ಹೇಳುತ್ತೇನೆ, "ಹೋದ್ರಣ್ಣಾ, ಏಳು." ಮೆಟ್ಟಿಲ ಮೇಲೆ ಯಾರೂ ಬರುವುದಿಲ್ಲ. ಅವನು ನಂಬಿದ ತಂಗಿ ನಾನಲ್ಲವಲ್ಲ.

ಅವನ ಮಗಳು ಇಂದಿಗೂ ಬಂದವರೆಲ್ಲರ ಎದುರಿಗೆ ಹೇಳುತ್ತಾಳೆ, ನನ್ನ ಅಪ್ಪ ಅಂಜದೆ ಹೋದರು, ಅತ್ತೆ ಅವರನ್ನು ಹಾಗೆ ನೋಡಿಕೊಂಡರು, ಎಂದು. ಅವಳು ಹೇಳುವಾಗ ನಾನು ಚಹಾ ಹಾಕುವ ನೆಪ ಮಾಡಿ ಒಳಗೆ ಹೋಗುತ್ತೇನೆ. ಇಷ್ಟನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು, ಒತ್ತಕ್ಷರ ತಪ್ಪಿದಲ್ಲೆಲ್ಲ ತಿದ್ದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬರೆಯುವಾಗ ಅದು ನನಗೆ ಧೈರ್ಯವನ್ನೂ ಕೊಟ್ಟಿತು ಎಂದು ಒಪ್ಪಿಕೊಳ್ಳಬೇಕು. ಆದರೆ ಕೇಳಿದರೆ ಅವಳಿಗೆ ತಿಳಿಯುತ್ತದೆ. ಈ ಭಾನುವಾರ ಅವಳು ಬಂದಾಗ ಎದುರಿಗೆ ಕೂರಿಸಿಕೊಂಡು, ನಾನೇ ಬಾಯಿಬಿಟ್ಟು ಓದಿ ಹೇಳಬೇಕು.